ಸಣ್ಣ ಜೋಡಿಯ ಲೆಕ್ಕ

ನಳ ಮಹಾರಾಜನ ಕಥೆ ಕನಕದಾಸರ ನಳಚರಿತ್ರೆಯ ಮೂಲಕ ನಮ್ಮವರಿಗೆಲ್ಲ ಪರಿಚಿತವಾದುದು. ಜೂಜಿನಲ್ಲಿ ಪುಷ್ಕರನಿಗೆ ರಾಜ್ಯವನ್ನು ಸೋತ ನಳನು, ಮುಂದೆ ಋತುಪರ್ಣನ ಸಾರಥಿಯಾಗಿದ್ದಾಗ ಅವನಿಂದ ಅಕ್ಷವಿದ್ಯೆಯನ್ನು ಕಲಿತನೆಂದು ಮಹಾಭಾರತದ ವನಪರ್ವ ಹೇಳುತ್ತದೆ. ಆ ಋತುಪರ್ಣನು ಮರವೊಂದನ್ನು ನೋಡಿದ ಮಾತ್ರಕ್ಕೆ ಅದರ ಎಲೆಗಳನ್ನೂ ಕಾಯಿಗಳನ್ನೂ ಎಣಿಸಿ ಹೇಳಬಲ್ಲವನಾಗಿದ್ದನಂತೆ. ಇಂದಿನ ಪಾಠದಲ್ಲಿ ನಾವು ಇಸ್ಪೀಟಿನ ಎಲೆಗಳನ್ನು ಎಣಿಸೋಣ.

ಆಟದ ಬಗೆ

ಹೋಲ್ಡೆಮ್ ಎಂಬುದು ಪೋಕರ್ ಆಟದ ಒಂದು ಬಗೆ. ಪ್ರತಿಯೊಬ್ಬನಿಗೂ ಎರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಮೊದಲನೆಯ ಸುತ್ತಿನ ಪಣವಾದ ಮೇಲೆ ಎಲ್ಲರಿಗೂ ಸೇರಿದ ಮೂರು ಎಲೆಗಳನ್ನು ನಡುವೆ ತೆರೆದಿಡುತ್ತಾರೆ. ಅನಂತರ ನಾಲ್ಕನೆಯದನ್ನು, ಆಮೇಲೆ ಐದನೆಯದನ್ನು. ಪ್ರತಿ ಸಲವೂ ಪಣ ಉಂಟು. ಏಳು ಎಲೆಗಳೊಳಗಿನ ಉತ್ತಮವಾದ ಐದು ಎಲೆ ಯಾರದೋ ಅವರದು ಗೆಲುವು. ಲಿಮಿಟ್ ಆಟದಲ್ಲಿ ಪಣವು ಇಷ್ಟೇ ಎಂದು ಮೊದಲೇ ಗೊತ್ತುಮಾಡಿರುತ್ತದೆ: ಮೊದಲೆರಡು ಸುತ್ತಿಗೆ 10 ಹುಣಿಸೆಬೀಜವಾದರೆ ಕೊನೆಯೆರಡಕ್ಕೆ 20. ನಮ್ಮ ಪಾಠಕ್ಕೆ ಹುಣಿಸೆಬೀಜವೇ ನಾಣ್ಯ.

ಎಣಿಕೆ

ಮೊದಲನೆಯ ಎಲೆ ಯಾವುದೇ ಇರಲಿ, ಉಳಿದ 51ರಲ್ಲಿ ಅದಕ್ಕೆ ಜೊತೆಯಾಗುವುವು ಮೂರೇ. ಆದುದರಿಂದ 17 ಸಲ ಹಂಚಿದರೆ ಸರಾಸರಿ ಒಂದು ಸಲ ಜೋಡಿ ಬರುತ್ತದೆ. ಎರಡರಿಂದ ಆರರವರೆಗಿನ ಜೋಡಿಗಳನ್ನು ಸಣ್ಣ ಜೋಡಿ ಎನ್ನೋಣ. ಅವು ಸುಮಾರು 44 ಸಲಕ್ಕೊಮ್ಮೆ ಬರುತ್ತವೆ.

ನಿಮ್ಮ ಕೈಯಲ್ಲಿ ಎರಡು ನಾಲ್ಕುಗಳಿವೆಯೆನ್ನಿ. ನಡುವೆ ಬರುವ ಎಲೆಗಳಲ್ಲಿ ಹೆಚ್ಚಿನವು ಇವುಗಳಿಗಿಂತ ದೊಡ್ಡವೇ. ಹಲವರು ಆಡುತ್ತಿರುವಾಗ ಮೂರನೆಯ ನಾಲ್ಕು ಬಂದರೆ ಮಾತ್ರ ಕೈಗೆ ಬಲ. ಕಾಣದ ಎಲೆಗಳು 50. ಬೇಕಾದುವು 2, ಬೇಡವಾದುವು 48. ನಡುವಿನ ಮೂರು ಎಲೆಗಳೂ ಬೇಡವಾದುವೇ ಆಗುವ ಸಂಭವವನ್ನು 48/50, 47/49, 46/48 ಇವುಗಳನ್ನು ಗುಣಿಸಿ ತಿಳಿಯಬಹುದು. ಬರುವ ಉತ್ತರ 2162/2450, ಅಂದರೆ ನೂರಕ್ಕೆ 88. ಸುಲಭವಾಗಿ ನೆನಪಿಡಬೇಕಾದರೆ, 17 ಸಲದಲ್ಲಿ 2 ಸಲ ಫಲ, 15 ಸಲ ನಿಷ್ಫಲ.

ಯಾವಾಗ ಆಡಬೇಕು?

ಪ್ರತಿ ಸಲ 10 ಬೀಜ ಕೊಟ್ಟು ಮೂರೆಲೆ ನೋಡಿದರೆ, 15 ಸಲಕ್ಕೆ 150 ಬೀಜ ನಷ್ಟ. ಉಳಿದ ಎರಡು ಸಲಗಳಲ್ಲಿ ತಲಾ 75 ಗಳಿಸಿದರೆ ಸಮಸಮ. ಎದುರಾಳಿಗಳು ಐವರಿದ್ದರೆ ಮೊದಲ ಸುತ್ತಿನಲ್ಲೇ 50 ಸೇರಿರುತ್ತದೆ. ಮಿಕ್ಕ 25 ಮುಂದಿನ ಸುತ್ತುಗಳಲ್ಲಿ ಬರುವುದು ಕಷ್ಟವಲ್ಲ. ಎದುರಾಳಿ ಒಬ್ಬನೇ ಆದರೋ, ಪಣ ಏರಿಸದೆ ಅವನು ಕೊನೆಯವರೆಗೆ ಕೊಟ್ಟರೂ 10, 10, 20, 20 ಸೇರಿ 60 ಮಾತ್ರ. ಮೂರನೆಯ ನಾಲ್ಕನ್ನೇ ನಂಬಿದವನಿಗೆ ಅಲ್ಲಿ ನಷ್ಟ. ಒಬ್ಬನೆದುರು ಬರಿಯ ಜೋಡಿಯೂ ಗೆಲ್ಲುವುದುಂಟು, ಆ ಲೆಕ್ಕ ಬೇರೆ. ತೊಂದರೆಯೆಲ್ಲ ಇಬ್ಬರು ಮೂವರು ಇರುವಾಗ: ಜೋಡಿಯೊಂದೇ ಸಾಲದು, ಹಣವೂ ಸಾಲದು.

ಮೊದಲೇ ಯಾರಾದರೂ ಪಣವನ್ನು 20ಕ್ಕೆ ಏರಿಸಿದರೆ, ಬರಬೇಕಾದ 75 ಇಮ್ಮಡಿಯಾಗಿ 150 ಆಗುತ್ತದೆ. ಆದರೆ ಲಿಮಿಟ್ ಆಟದಲ್ಲಿ ಮುಂದಿನ ಸುತ್ತುಗಳ ಪಣ ಬೆಳೆಯದು. ಆದ್ದರಿಂದ ಸಣ್ಣ ಜೋಡಿಯನ್ನು ಅಗ್ಗವಾಗಿ, ಹಲವರ ನಡುವೆ, ತನ್ನ ಸರದಿ ಕೊನೆಗೆ ಬರುವಾಗ ಆಡುವುದು ಲೇಸು. ಎಷ್ಟು ಜನ ಸೇರಿದರೆಂಬುದು ಆಗ ಕಣ್ಣಿಗೆ ಕಾಣುತ್ತದೆ.

ಮೂರೆಲೆಯಲ್ಲಿ ನಾಲ್ಕು ಬಾರದಿದ್ದರೆ? ಈಗ ಕಾಣದ ಎಲೆ 47, ಬೇಕಾದುವು ಎರಡೇ. ಇನ್ನೂ 10 ಬೀಜ ಕೊಡುವುದು ಸರಿಯಾಗಬೇಕಾದರೆ ನಡುವೆ 225 ಬೀಜಗಳ ರಾಶಿ ಇರಬೇಕು. ಅಷ್ಟು ಇರುವುದು ಅಪರೂಪ. ಎಲೆಗಳನ್ನು ಕೆಳಗಿಡಿ.

“ಇಷ್ಟು ಸಲ ಬರಲಿಲ್ಲ, ಈ ಸಲ ಬಂದೇ ಬರುತ್ತದೆ” ಎಂಬ ಮಾತನ್ನು ನಂಬಬೇಡಿ. ಕಲಸಿದ ಎಲೆಗೆ ಹಿಂದಿನದರ ನೆನಪಿಲ್ಲ. ಸತತವಾಗಿ 17 ಸಲವೂ ಬಾರದಿರುವ ಸಂಭವವೇ ನೂರಕ್ಕೆ 12ರಷ್ಟಿದೆ.

ಹಣವಿಟ್ಟರೆ

ಆರು ಮಂದಿ ತಲಾ 100 ಬೀಜ ತಂದು ಕುಳಿತರೆನ್ನಿ, ಒಟ್ಟು 600. ಆಟ ನಡೆಸುವವನು ಪ್ರತಿ ಆಟದ ರಾಶಿಯಿಂದ 2 ಬೀಜ ತೆಗೆದುಕೊಂಡರೆ, ನೂರು ಆಟ ಮುಗಿಯುವಷ್ಟರಲ್ಲಿ 200 ಅವನ ಪಾಲು. ಆರೂ ಮಂದಿ ಎಷ್ಟೇ ಜಾಣರಾಗಿರಲಿ, ಅವರ ನಡುವೆ ಉಳಿಯುವುದು 400.

ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು 1967ರಲ್ಲಿ ಸುಪ್ರೀಂ ಕೋರ್ಟು ಹೇಳಿತು; ಫ್ಲಶ್ ಮೊದಲಾದ ಮೂರೆಲೆ ಆಟಗಳು ಬರಿಯ ಅದೃಷ್ಟವೆಂದೂ ಅದೇ ತೀರ್ಪಿನಲ್ಲಿದೆ. ನಮ್ಮ ಚೆನ್ನೈಯಲ್ಲಿರುವ ಮದ್ರಾಸು ಹೈಕೋರ್ಟು 2023ರ ನವೆಂಬರಿನಲ್ಲಿ ರಮ್ಮಿ, ಪೋಕರ್ ಎರಡನ್ನೂ ಕೌಶಲದ ಆಟಗಳೆಂದು ಎಣಿಸಿತು. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಕೌಶಲವಿರಲಿ ಅದೃಷ್ಟವಿರಲಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. “ಕೌಶಲದ ಆಟ” ಎಂಬ ಮಾತಿಗೆ “ಗಳಿಕೆಯ ಆಟ” ಎಂಬ ಅರ್ಥವಿಲ್ಲ. ಸಂಬಳದ ದಿನ ಊರಿಗೆ ಹೋಗಬೇಕಾದ ಹಣ ಮೊಬೈಲಿನೊಳಗೇ ಕರಗಿದರೆ, ಮೇಲಿನ ಲೆಕ್ಕ ಬಲ್ಲವನೂ ಬರಿಗೈಯವನೇ.

ಹುಣಿಸೆಬೀಜದೊಂದಿಗೆ ಭಾನುವಾರ ಸಂಜೆ ಗೆಳೆಯರು ಕೂಡಿ ಆಡಿ ನೋಡಿ. ಗಣಿತ ಕಲಿಯಲು ಇದಕ್ಕಿಂತ ಹಗುರವಾದ ಪಾಠಶಾಲೆ ಸಿಗದು.

ಅಭ್ಯಾಸ: ಎದುರಾಳಿಗಳು ನಾಲ್ವರು, ಎಲ್ಲರೂ 10 ಬೀಜ ಕೊಟ್ಟು ಮೂರೆಲೆ ನೋಡಿದರು. ನಿಮಗೆ ಮೂರನೆಯ ನಾಲ್ಕು ಬಂದಿದೆ. ಸಮಸಮವಾಗಲು ಮುಂದಿನ ಸುತ್ತುಗಳಲ್ಲಿ ಅವರಿಂದ ಇನ್ನೆಷ್ಟು ಬೀಜ ಬರಬೇಕು? (ಉತ್ತರ: 35)