ಆನ್‌ಲೈನ್ ದಾನ: ಅನುಮಾನ ಬಿಡಿ, ಲೆಕ್ಕ ಕೇಳಿ

ವಾಟ್ಸಾಪ್ ಗ್ರೂಪಿಗೆ ಆಸ್ಪತ್ರೆ ಹಾಸಿಗೆಯ ಮೇಲಿರುವ ಮಗುವಿನ ಫೋಟೊ ಬರುತ್ತದೆ, ಕೆಳಗೊಂದು ಕ್ಯೂಆರ್ ಕೋಡ್. "ಇದೆಲ್ಲ ನಿಜಾನಾ? ನನ್ನ ಇನ್ನೂರು ರೂಪಾಯಿಯಿಂದ ಏನಾಗುತ್ತೆ?" ಎಂದು ಮುಂದಕ್ಕೆ ಸ್ಕ್ರಾಲ್ ಮಾಡುತ್ತೀರಿ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕದೆ ಜಾರಿಕೊಳ್ಳುವುದು ಮಾತ್ರ ಕೆಟ್ಟ ಅಭ್ಯಾಸ. ಅದನ್ನು ಈ ತಿಂಗಳೇ ಬಿಡಿ.

1. ಗೆದ್ದ ಕ್ಯಾಂಪೇನ್ ಒಂದನ್ನು ಕೊನೆಯವರೆಗೂ ಓದಿ.
2014ರ ಐಸ್ ಬಕೆಟ್ ಚಾಲೆಂಜ್ ನೆನಪಿದೆಯಲ್ಲ? ತಲೆ ಮೇಲೆ ತಣ್ಣೀರು ಸುರಿದುಕೊಂಡರೆ ಯಾರ ಕಾಯಿಲೆ ವಾಸಿಯಾಗುತ್ತದೆ ಎಂದು ಆಗ ತುಂಬಾ ಜನ ಕೇಳಿದರು. ನರಗಳು ಸೋತು ಕೈಕಾಲು, ಮಾತು, ಉಸಿರು ಒಂದೊಂದಾಗಿ ಕೈಕೊಡುವ ಎಎಲ್‌ಎಸ್ ಕಾಯಿಲೆಗಾಗಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಬಂದದ್ದು 11.5 ಕೋಟಿ ಡಾಲರ್. ಅದರಲ್ಲಿ ಒಂದು ಪಾಲು 'ಪ್ರಾಜೆಕ್ಟ್ ಮೈನ್' ಎಂಬ ಜೀನ್ ಸಂಶೋಧನೆಗೆ ಹೋಯಿತು. 2016ರಲ್ಲಿ ಎನ್‌ಇಕೆ1 ಎಂಬ ಜೀನ್‌ಗೂ ಈ ಕಾಯಿಲೆಗೂ ನಂಟಿದೆ ಎಂದು ಗೊತ್ತಾಯಿತು. ಇನ್ನು 22 ಲಕ್ಷ ಡಾಲರ್ ಒಂದು ಹೊಸ ಔಷಧಕ್ಕೆ ಹೋಯಿತು. ಅದಕ್ಕೆ 2022ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಆದರೆ ದೊಡ್ಡ ಟ್ರಯಲ್‌ನಲ್ಲಿ ಫಲ ಕಾಣದೆ 2024ರಲ್ಲಿ ಕಂಪನಿಯೇ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಸೋತ ಔಷಧದ ವಿಷಯವನ್ನೂ ಹೇಳುತ್ತಿರುವುದಕ್ಕೆ ಕಾರಣವಿದೆ. ದುಡ್ಡು ಎಲ್ಲಿ ಹೋಯಿತು, ಏನಾಯಿತು ಎಂದು ಹತ್ತು ವರ್ಷದ ಮೇಲೂ ಹುಡುಕಿದರೆ ಸಿಗುತ್ತದೆ. ಒಳ್ಳೆಯ ಕ್ಯಾಂಪೇನ್ ಎಂದರೆ ಇದೇ.

2. ವ್ಯೂಸ್ ನೋಡಿ ಮರುಳಾಗಬೇಡಿ.
ಯುಗಾಂಡಾದ ಬಂಡುಕೋರ ಜೋಸೆಫ್ ಕೋನಿಯನ್ನು ಹಿಡಿಯಬೇಕೆಂಬ 'ಕೋನಿ 2012' ವಿಡಿಯೊಗೆ ಒಂದು ವಾರದೊಳಗೆ 10 ಕೋಟಿ ವ್ಯೂಸ್ ಬಂತು. ಮುಂದಿನ ತಿಂಗಳು ಬೀದಿಗಿಳಿದು ಪೋಸ್ಟರ್ ಹಚ್ಚಿ ಎಂದಾಗ ಬಂದವರು ಬಹಳ ಕಡಿಮೆ. ಕೋನಿ ಸಿಗಲೇ ಇಲ್ಲ. ನಿಮ್ಮ ಕೆಲಸದಿಂದ ಗುರಿ ಹೇಗೆ ಮುಟ್ಟುತ್ತದೆ ಎಂದು ಕ್ಯಾಂಪೇನ್ ಸ್ಪಷ್ಟವಾಗಿ ಹೇಳದಿದ್ದರೆ ಕೈಬಿಡಿ.

3. ಮೊದಲು ಕೊಡಿ, ಆಮೇಲೆ ಶೇರ್ ಮಾಡಿ.
ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಿಸಿ. ಎಲ್ಲರ ಕಣ್ಣೆದುರು ಸಣ್ಣ ಬೆಂಬಲ ತೋರಿಸಿದವರಿಗಿಂತ, ಯಾರಿಗೂ ಕಾಣದಂತೆ ತೋರಿಸಿದವರೇ ಮುಂದೆ ನಿಜವಾದ ಸಹಾಯಕ್ಕೆ ಹೆಚ್ಚಾಗಿ ಮುಂದಾದರು. ಲೈಕ್ ಒತ್ತಿದ ತಕ್ಷಣ ಕೆಲಸ ಮುಗಿಯಿತು ಎಂದು ಮನಸ್ಸು ಹಗುರಾಗುತ್ತದೆ. ಆ ಸಮಾಧಾನಕ್ಕೆ ಅವಕಾಶ ಕೊಡಬೇಡಿ.

4. ಪಿನ್ ಒತ್ತುವ ಮುಂಚೆ ಹೆಸರು ಓದಿ.
ಅರ್ಜೆಂಟಿನಲ್ಲಿ ಎಲ್ಲರೂ ಬಿಡುವ ಸ್ಟೆಪ್ ಇದು. ಸ್ಕ್ರೀನಿನ ಮೇಲೆ ಖಾತೆದಾರರ ಹೆಸರು ಬರುತ್ತದೆ. ಒಂದು ಕ್ಷಣ ನಿಲ್ಲಿ. ಮನವಿಯಲ್ಲಿರುವುದು ಟ್ರಸ್ಟಿನ ಹೆಸರು, ಸ್ಕ್ರೀನಿನಲ್ಲಿ ಕಾಣುವುದು ಇನ್ಯಾರದೋ ಹೆಸರು ಎಂದಾದರೆ ಅಲ್ಲೇ ಕ್ಯಾನ್ಸಲ್ ಮಾಡಿ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಶುರುವಾದ ಕೆಲವೇ ದಿನಗಳಲ್ಲಿ, ಅಸಲಿ ಯುಪಿಐ ಐಡಿಯ ಒಂದೇ ಒಂದು 'ಎಸ್' ಅಕ್ಷರ ಕಿತ್ತು ವಂಚಕರು ನಕಲಿ ಐಡಿ ಮಾಡಿದ್ದರು. ಚಿಕಿತ್ಸೆಗೆ ಸಹಾಯ ಕೇಳಿದ್ದರೆ ಆಸ್ಪತ್ರೆಯ ಎಸ್ಟಿಮೇಟ್ ಪತ್ರ ತರಿಸಿಕೊಳ್ಳಿ. ಅದರಲ್ಲಿರುವ ನಂಬರಿಗಲ್ಲ, ಆಸ್ಪತ್ರೆಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿ. ಮೋಸ ಹೋಗಿದ್ದರೆ ನಾಚಿಕೆಪಡದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ; ತಡಮಾಡಿದಷ್ಟೂ ದುಡ್ಡು ಕೈಗೆ ಸಿಗದಷ್ಟು ದೂರ ಹೋಗುತ್ತದೆ.

5. ದೊಡ್ಡ ಮೊತ್ತ ಕಂಡು ಕೈಚೆಲ್ಲಬೇಡಿ.
ಸ್ನಾಯುಗಳ ಬಲ ಕುಂದಿಸುವ ಎಸ್‌ಎಂಎ ಕಾಯಿಲೆಯ ಮಕ್ಕಳಿಗೆ ಕೊಡುವ ಒಂದೇ ಡೋಸಿನ ಔಷಧಕ್ಕೆ 2021ರಲ್ಲಿ ಸುಮಾರು 16 ಕೋಟಿ ರೂಪಾಯಿ ಇತ್ತು. ಆ ವರ್ಷ ಮುಂಬೈಯ ಒಂದು ಮಗುವಿಗಾಗಿ ಜನ ಆನ್‌ಲೈನ್‌ನಲ್ಲಿ ಅಷ್ಟನ್ನೂ ಕೂಡಿಸಿದರು. ಔಷಧದ ಮೇಲಿನ ಸುಮಾರು 6 ಕೋಟಿ ತೆರಿಗೆಯನ್ನು ಕೇಂದ್ರ ಸರ್ಕಾರ ಮನ್ನಾ ಮಾಡಿತು. ಮಗುವಿಗೆ ಔಷಧ ಸಿಕ್ಕಿತು. ಹನಿ ಹನಿ ಕೂಡಿದರೆ ಹಳ್ಳ. ನಿಮ್ಮ ಇನ್ನೂರನ್ನು ಕಡಿಮೆ ಎಂದುಕೊಳ್ಳಬೇಡಿ.

6. ದೊಡ್ಡ ಹೆಸರಾದರೂ ಲೆಕ್ಕ ಕೇಳಿ.
2010ರ ಹೈಟಿ ಭೂಕಂಪಕ್ಕೆ ಅಮೆರಿಕನ್ ರೆಡ್ ಕ್ರಾಸ್ ಸುಮಾರು 50 ಕೋಟಿ ಡಾಲರ್ ಸಂಗ್ರಹಿಸಿತು. ಎಸ್ಸೆಮ್ಮೆಸ್ ಮೂಲಕ ತಲಾ 10 ಡಾಲರ್‌ನಂತೆ ಬಂದದ್ದೇ 3 ಕೋಟಿ ಡಾಲರ್‌ಗೂ ಹೆಚ್ಚು. ಆದರೆ ಅದು ಕಟ್ಟಿದ ಶಾಶ್ವತ ಮನೆಗಳು ಆರೇ ಎಂದು 2015ರಲ್ಲಿ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ವರದಿ ಮಾಡಿದವು. ಸಂಸ್ಥೆ ಅದನ್ನು ಒಪ್ಪಲಿಲ್ಲ, ಲಕ್ಷಾಂತರ ಜನರಿಗೆ ನೆರವಾಗಿದ್ದೇವೆ ಎಂದಿತು. ಕೊಟ್ಟವರು ಮೊದಲೇ ಕೇಳುತ್ತಿದ್ದರೆ ಈ ಜಗಳಕ್ಕೆ ಐದು ವರ್ಷ ಕಾಯಬೇಕಿರಲಿಲ್ಲ.

ಆದ್ದರಿಂದ ಸಂಸ್ಥೆಗೆ ಕೊಟ್ಟಾಗ ತೆರಿಗೆ ರಿಯಾಯಿತಿಗೆ ಬೇಕಾಗುವ ರಸೀದಿ ಪಡೆಯಿರಿ. ಕೊಟ್ಟ ಮೂರು ತಿಂಗಳಿಗೆ ಎರಡು ಸಾಲಿನ ಇಮೇಲ್ ಹಾಕಿ: ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು? ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ನೇರವಾಗಿ ಉತ್ತರ ಕೊಟ್ಟವರಿಗೆ ಮುಂದಿನ ವರ್ಷವೂ ಕೊಡಿ, ಸ್ವಲ್ಪ ಹೆಚ್ಚಿಗೇ ಕೊಡಿ.