ಜಿಲ್ಲೆ ಬದಲಾದರೂ ಡಿಎಲ್ ಕೆಡುವುದಿಲ್ಲ: ಹರಪನಹಳ್ಳಿಯವರು ತಿಳಿದಿರಬೇಕಾದ ಚಾಲನಾ ಪರವಾನಗಿ ನಿಯಮಗಳು

ಹರಪನಹಳ್ಳಿ ತಾಲ್ಲೂಕಿನ ಯಾವುದಾದರೂ ಹಳೆಯ ಮನೆಯ ಟ್ರಂಕು ತೆರೆದು ನೋಡಿ. ಅಜ್ಜನ ಹೊಲದ ಪತ್ರದಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದಿರುತ್ತದೆ. ಮಗನ ಶಾಲೆಯ ಟಿ.ಸಿ.ಯಲ್ಲಿ ‘ದಾವಣಗೆರೆ ಜಿಲ್ಲೆ’. ಮೊಮ್ಮಗಳ ಜನನ ಪ್ರಮಾಣಪತ್ರದಲ್ಲಿ ‘ವಿಜಯನಗರ ಜಿಲ್ಲೆ’. ಮನೆ ಇದ್ದಲ್ಲೇ ಇದೆ, ಬಾಗಿಲೂ ಅದೇ. ಕಾಗದದಲ್ಲಿ ಮಾತ್ರ ಒಂದೇ ಕುಟುಂಬ ಮೂರು ಜಿಲ್ಲೆಯದಾಗಿದೆ.

1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಅಲ್ಲಿಗೆ ಸೇರಿಸಿದರು. ಮುಂದೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯ ಬಳ್ಳಾರಿ ಜಿಲ್ಲೆಗೆ ಸಿಕ್ಕಿ ತಮಗೆ ತಪ್ಪಿದ್ದನ್ನು ಕಂಡ ಇಲ್ಲಿನ ಜನ ಹೋರಾಟ ಮಾಡಿದರು. ಎರಡು ದಶಕಗಳ ಬಳಿಕ ತಾಲ್ಲೂಕು ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಜೊತೆ ಹರಪನಹಳ್ಳಿಯೂ ಅದರೊಳಗೆ ಸೇರಿತು. ಹೀಗಾಗಿ ಇಲ್ಲಿನ ರಸ್ತೆಗಳಲ್ಲಿ ದಾವಣಗೆರೆಯ ಕೆಎ-17, ಬಳ್ಳಾರಿಯ ಕೆಎ-34, ಹೊಸಪೇಟೆಯ ಕೆಎ-35 ಮೂರೂ ಓಡಾಡುತ್ತವೆ.

ಈ ಅದಲುಬದಲಿನಲ್ಲಿ ಜನರ ಮನಸ್ಸಿನಲ್ಲಿ ಗೊಂದಲ ಉಳಿದಿದೆ. ‘ನನ್ನ ಡಿಎಲ್ ದಾವಣಗೆರೆಯದು, ಈಗ ನಡೆಯುತ್ತದೆಯೇ?’ ‘ಆಧಾರ್‌ನಲ್ಲಿ ಹಳೆಯ ಜಿಲ್ಲೆ ಇದೆ, ಮಗನಿಗೆ ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಸಿಗುತ್ತದೆಯೇ?’ ‘ಹೊಸಪೇಟೆಗೇ ಹೋಗಬೇಕೇ?’ ಕಾನೂನು ಇವಕ್ಕೆಲ್ಲ ಸ್ಪಷ್ಟ ಉತ್ತರ ಕೊಟ್ಟಿದೆ. ಅದು ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಮಂದಿ ದಿನದ ಕೂಲಿ ಬಿಟ್ಟು ಅಲೆಯುತ್ತಾರೆ, ಇಲ್ಲವೇ ಏಜೆಂಟರ ಕೈಗೆ ದುಡ್ಡಿಡುತ್ತಾರೆ.

ಹಳೆಯ ಡಿಎಲ್ ನಡೆಯುತ್ತದೆ

ಮೋಟಾರು ವಾಹನ ಕಾಯ್ದೆ, 1988ರ 13ನೇ ಕಲಂ ಪ್ರಕಾರ ಕಲಿಕಾ ಪರವಾನಗಿಯಾಗಲಿ ಚಾಲನಾ ಪರವಾನಗಿಯಾಗಲಿ ಇಡೀ ಭಾರತದಲ್ಲಿ ಊರ್ಜಿತ. ಜಿಲ್ಲೆಯ ಗಡಿ ಬದಲಾದರೆ ಪರವಾನಗಿ ರದ್ದಾಗುವುದಿಲ್ಲ. ಕೆಎ-17ರಿಂದ ಶುರುವಾಗುವ ನಿಮ್ಮ ಡಿಎಲ್ ಅದರ ಮೇಲೆ ಅಚ್ಚಾದ ಅವಧಿಯವರೆಗೆ ಪೂರ್ತಿ ಬದುಕಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಈಗ ನಮ್ಮದು ಹೊಸಪೇಟೆ’ ಎಂದು ಹಳೆಯದನ್ನು ಮುಚ್ಚಿಟ್ಟು ಹೊಸದೊಂದು ಡಿಎಲ್ ಮಾಡಿಸಬೇಡಿ. 6ನೇ ಕಲಂ ಪ್ರಕಾರ ಒಬ್ಬರ ಬಳಿ ಒಂದೇ ಡಿಎಲ್ ಇರಬೇಕು. ವಿಳಾಸ ಸರಿಪಡಿಸಬೇಕೆಂದರೆ ವಿಳಾಸ ಬದಲಾವಣೆಗೆ ಅರ್ಜಿ ಹಾಕಿ. ನವೀಕರಣದ ಸಮಯ ಹತ್ತಿರವಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿಕೊಳ್ಳಬಹುದು.

ಯಾವ ಆರ್‌ಟಿಒಗೆ ಹೋಗಬೇಕು?

ಮೊದಲು ನಿಮ್ಮ ವ್ಯಾಪ್ತಿಯ ಕಚೇರಿಗೇ ಅರ್ಜಿ ಹಾಕಬೇಕಿತ್ತು. 2019ರ ತಿದ್ದುಪಡಿ ಇದನ್ನು ಬದಲಿಸಿತು. ಈಗ ನೀವು ವಾಸವಿರುವ ಅಥವಾ ಕಸುಬು ಮಾಡುವ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಹರಪನಹಳ್ಳಿಗೆ ದಾವಣಗೆರೆ ಹತ್ತಿರ, ಹೊಸಪೇಟೆ ಅದರ ಸುಮಾರು ಎರಡರಷ್ಟು ದೂರ. ತೆಲಗಿ, ಅರಸೀಕೆರೆ ಕಡೆಯವರಿಗೆ ಒಂದು ದಿಕ್ಕು ಅನುಕೂಲವಾದರೆ ಚಿಗಟೇರಿ ಕಡೆಯವರಿಗೆ ಇನ್ನೊಂದು. ಗುಳೆ ಹೋಗಿ ಬೆಂಗಳೂರಿನಲ್ಲಿ ದುಡಿಯುವ ಹುಡುಗ ಡಿಎಲ್‌ಗಾಗಿ ಊರಿಗೆ ಬಂದು ಹೋಗುವ ಅಗತ್ಯವೇ ಇಲ್ಲ. ಅಲ್ಲಿನ ಕಚೇರಿಯಲ್ಲೇ ಅರ್ಜಿ ಹಾಕುವ ಅವಕಾಶವನ್ನು ಕಾನೂನೇ ಕೊಟ್ಟಿದೆ.

ಬೇಕಾದ ದಾಖಲೆಗಳು

ಪರವಾನಗಿ ಕೇಳುವವರು ಮುಖ್ಯವಾಗಿ ಎರಡು ಸಂಗತಿ ರುಜುವಾತು ಮಾಡಬೇಕು: ವಯಸ್ಸು ಮತ್ತು ವಿಳಾಸ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 4ನೇ ನಿಯಮ ಇದಕ್ಕೆ ಒಪ್ಪುವ ದಾಖಲೆಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಒಂದು ಅಥವಾ ಹೆಚ್ಚು ಸಾಕು, ಎಲ್ಲವೂ ಬೇಕಿಲ್ಲ.

- ವಯಸ್ಸಿಗೆ: ಜನನ ಪ್ರಮಾಣಪತ್ರ, ಶಾಲಾ ದಾಖಲೆ (ಟಿ.ಸಿ. ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ), ಪಾಸ್‌ಪೋರ್ಟ್.
- ವಿಳಾಸಕ್ಕೆ: ಮತದಾರರ ಪಟ್ಟಿಯ ದಾಖಲೆ, ಪಾಸ್‌ಪೋರ್ಟ್, ಜೀವ ವಿಮಾ ಪಾಲಿಸಿ, ಸರ್ಕಾರಿ ನೌಕರರಾದರೆ ವೇತನ ಚೀಟಿ. ಈಗ ಹೆಚ್ಚಿನವರು ಕೊಡುವುದು ಆಧಾರ್.
- ಅರ್ಜಿ: ನಮೂನೆ 2. ಎಲ್‌ಎಲ್‌ಆರ್, ಡಿಎಲ್, ನವೀಕರಣ, ವಿಳಾಸ ಬದಲಾವಣೆ ಎಲ್ಲಕ್ಕೂ ಇದೊಂದೇ.
- ಆರೋಗ್ಯ: ಸ್ವಂತ ವಾಹನಕ್ಕೆ ನಮೂನೆ 1ರಲ್ಲಿ ಸ್ವಯಂ ಘೋಷಣೆ. ಸಾರಿಗೆ ವಾಹನಕ್ಕೂ 40 ದಾಟಿದವರಿಗೂ ವೈದ್ಯರು ಸಹಿ ಮಾಡಿದ ನಮೂನೆ 1ಎ.
- ಫೋಟೊ ಮತ್ತು ಸಹಿ. ಕಚೇರಿಗೆ ಹೋಗುವಾಗ ಝೆರಾಕ್ಸ್ ಜೊತೆ ಮೂಲ ದಾಖಲೆಗಳೂ ಕೈಯಲ್ಲಿರಲಿ.

ಶಾಲೆಯ ಮೆಟ್ಟಿಲು ಹತ್ತದವರು, ಜನನ ನೋಂದಣಿ ಆಗದವರು ಏನು ಮಾಡಬೇಕು? ತಕ್ಕ ಕಾರಣವಿದ್ದು ದಾಖಲೆ ಕೊಡಲಾಗದವರಿಂದ ಕಾರ್ಯನಿರ್ವಾಹಕ ದಂಡಾಧಿಕಾರಿ, ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ ಅಥವಾ ನೋಟರಿ ಮುಂದೆ ಮಾಡಿದ ಅಫಿಡವಿಟ್ ಅನ್ನು ಪ್ರಾಧಿಕಾರ ಒಪ್ಪಬಹುದು ಎಂದು ಅದೇ 4ನೇ ನಿಯಮ ಹೇಳುತ್ತದೆ. ಸುಳ್ಳು ವಯಸ್ಸು ಬರೆಸುವ ದಾರಿಯೆಂದು ಮಾತ್ರ ಇದನ್ನು ತಿಳಿಯಬೇಡಿ. ಮೋಸದಿಂದ ಪಡೆದ ಡಿಎಲ್ ಅನ್ನು ರದ್ದು ಮಾಡುವ ಅಧಿಕಾರ 19ನೇ ಕಲಂನಲ್ಲಿದೆ.

ಇನ್ನು ಮುಂದಿನ ಪೀಳಿಗೆಯ ಮಾತು. ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮತದಾರರಾಗಲು, ಡಿಎಲ್ ಪಡೆಯಲು ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಆಧಾರ. ಕಬ್ಬು ಕಡಿಯಲು ಹೋದ ಊರಿನಲ್ಲಿ ಹೆರಿಗೆಯಾದರೂ ಸರಿ, ಹುಟ್ಟಿದ ಜಾಗದಲ್ಲೇ ತಡಮಾಡದೆ ನೋಂದಣಿ ಮಾಡಿಸಿ.

ಅರ್ಜಿ ಎಡವುವುದು ಎಲ್ಲಿ?

ದಾಖಲೆ ಇಲ್ಲದ್ದಕ್ಕಿಂತ, ಇರುವ ದಾಖಲೆಗಳು ಒಂದಕ್ಕೊಂದು ಹೊಂದದಿರುವುದೇ ನಮ್ಮ ಭಾಗದ ದೊಡ್ಡ ತೊಡಕು. ಟಿ.ಸಿ.ಯಲ್ಲಿ ‘ಹನುಮಂತಪ್ಪ’, ಆಧಾರ್‌ನಲ್ಲಿ ‘ಹನುಮಂತ’. ಒಂದರಲ್ಲಿ ತಾಂಡಾದ ಹೆಸರು, ಇನ್ನೊಂದರಲ್ಲಿ ಅದು ಸೇರಿದ ಗ್ರಾಮದ ಹೆಸರು. ಒಂದರಲ್ಲಿ ದಾವಣಗೆರೆ, ಇನ್ನೊಂದರಲ್ಲಿ ವಿಜಯನಗರ. ಅರ್ಜಿ ಹಾಕುವ ಮುನ್ನ ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಹರಡಿ, ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಊರು ಈ ನಾಲ್ಕನ್ನು ಒಂದೊಂದಾಗಿ ಹೋಲಿಸಿ ನೋಡಿ. ತಿದ್ದಬೇಕಾದ್ದನ್ನು ಮೊದಲೇ ತಿದ್ದಿಸಿ. ಆಧಾರ್‌ನಲ್ಲಿ ಹುಟ್ಟಿದ ದಿನವನ್ನು ಒಮ್ಮೆ, ಹೆಸರನ್ನು ಎರಡು ಬಾರಿ ಮಾತ್ರ ಬದಲಿಸಲು ಅವಕಾಶ. ಹಾಗಾಗಿ ಶಾಲಾ ದಾಖಲೆ ಪಕ್ಕದಲ್ಲಿಟ್ಟುಕೊಂಡೇ ತಿದ್ದಿಸಿ.

ಆಧಾರ್‌ನಲ್ಲಿರುವ ಹುಟ್ಟಿದ ದಿನವೇ ಅಂತಿಮವಲ್ಲ. 2024ರ ಅಕ್ಟೋಬರ್ 24ರಂದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಆಧಾರ್ ಅನ್ನು ವಯಸ್ಸಿನ ಪುರಾವೆಯಾಗಿ ಒಪ್ಪದೆ, ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿನ ದಿನಾಂಕವನ್ನು ಎತ್ತಿ ಹಿಡಿಯಿತು. ಟಿ.ಸಿ. ಜೋಪಾನ ಮಾಡಬೇಕಾದ್ದು ಇದಕ್ಕೇ.

ಪಿನ್ ಕೋಡ್ ಕಡೆಗೂ ಗಮನವಿರಲಿ. ಮುದ್ರಿತ ಡಿಎಲ್ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬರುತ್ತದೆ. ಜಿಲ್ಲೆ ಎಷ್ಟು ಬದಲಾದರೂ ಹರಪನಹಳ್ಳಿ ಪಟ್ಟಣದ ಪಿನ್ 583131 ಹಾಗೇ ಇದೆ. ಹಳ್ಳಿಯವರು ತಮ್ಮ ಅಂಚೆ ಕಚೇರಿಯ ಪಿನ್ ಕೇಳಿ ಬರೆಯಿರಿ. ಅಂಚೆಯಣ್ಣನಿಗೆ ಮನೆ ಗುರುತು ಸಿಗುವಂತೆ ವಿಳಾಸ ಇರಲಿ.

ಎಲ್‌ಎಲ್‌ಆರ್‌ನಿಂದ ಡಿಎಲ್‌ವರೆಗೆ

ಅರ್ಜಿ ಹಾಕುವುದು ಕೇಂದ್ರ ಸಾರಿಗೆ ಸಚಿವಾಲಯದ ‘ಸಾರಥಿ’ ಜಾಲತಾಣದಲ್ಲಿ. ಆಧಾರ್ ಮೂಲಕ ಗುರುತು ದೃಢಪಡಿಸಿದರೆ ಎಲ್‌ಎಲ್‌ಆರ್ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು. ಆಧಾರ್ ಬಳಸುವುದು ನಿಮ್ಮ ಇಚ್ಛೆ. ಬೇಡವೆಂದರೆ ಬೇರೆ ದಾಖಲೆ ಹಿಡಿದು ಕಚೇರಿಗೆ ಹೋಗಿ ಪರೀಕ್ಷೆ ಕೊಡಬಹುದು.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಈ ಅವಧಿಯಲ್ಲಿ ವಾಹನದ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು. ಕಾರಾದರೆ ಪಕ್ಕದಲ್ಲಿ ಡಿಎಲ್ ಇರುವವರು ಕೂತಿರಬೇಕು. ಪರೀಕ್ಷೆಯ ದಿನ ಎಂಟು ಹೊಡೆಯುವಾಗ ಕಾಲು ಊರಿ ಫೇಲಾದರೆ ಎದೆಗುಂದಬೇಡಿ, ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಆಗದಿದ್ದರೆ ಮಾತ್ರ 60 ದಿನ ಕಾಯಬೇಕು.

ಕೇಂದ್ರ ನಿಯಮಗಳ ಪ್ರಕಾರ ಶುಲ್ಕ ಹೀಗಿದೆ: ಎಲ್‌ಎಲ್‌ಆರ್‌ಗೆ ಪ್ರತಿ ವರ್ಗದ ವಾಹನಕ್ಕೆ 150 ರೂ., ಅದರ ಪರೀಕ್ಷೆಗೆ 50 ರೂ., ಚಾಲನಾ ಪರೀಕ್ಷೆಗೆ ಪ್ರತಿ ವರ್ಗಕ್ಕೆ 300 ರೂ., ಡಿಎಲ್‌ಗೆ 200 ರೂ. ಬೈಕ್ ಒಂದಕ್ಕೆ ಒಟ್ಟು 700 ರೂ. ಅರ್ಜಿ ತುಂಬಿಕೊಡುವ ಕೇಂದ್ರದವರು ಸೇವಾ ಶುಲ್ಕ ಪಡೆಯಬಹುದು. ಆದರೆ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಈ 700ನ್ನು ನೆನಪಿಸಿಕೊಂಡು ರಸೀದಿ ಕೇಳಿ.

ವಯಸ್ಸು, ಅವಧಿ, ಹಳದಿ ಬೋರ್ಡ್

ಬೈಕ್, ಕಾರಿಗೆ 18 ತುಂಬಿರಬೇಕು. 16ರ ಮಕ್ಕಳಿಗೆ ಪಾಲಕರ ಲಿಖಿತ ಒಪ್ಪಿಗೆಯೊಂದಿಗೆ 50 ಸಿಸಿ ಮೀರದ ಗೇರಿಲ್ಲದ ವಾಹನಕ್ಕಷ್ಟೇ ಅವಕಾಶ. ಮನೆಮನೆಯಲ್ಲಿರುವ 110, 125 ಸಿಸಿ ಸ್ಕೂಟರ್ ಅದರೊಳಗೆ ಬರುವುದಿಲ್ಲ. ಪಿಯುಸಿ ಓದುವ ಮಗನ ಕೈಗೆ ಕೀಲಿ ಕೊಟ್ಟರೆ 199ಎ ಕಲಂ ಪ್ರಕಾರ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ. ಆ ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ.

30 ತುಂಬುವ ಮೊದಲು ಪಡೆದ ಸ್ವಂತ ವಾಹನದ ಡಿಎಲ್ ನಿಮಗೆ 40 ವರ್ಷ ತುಂಬುವವರೆಗೆ ನಡೆಯುತ್ತದೆ. 30ರಿಂದ 50ರೊಳಗೆ ಪಡೆದರೆ 10 ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.

ದುಡಿಮೆಗಾಗಿ ಹಳದಿ ಬೋರ್ಡಿನ ಗಾಡಿ ಓಡಿಸುವವರಿಗೆ ಎರಡು ಒಳ್ಳೆಯ ಸುದ್ದಿ ಇವೆ. ಸಾರಿಗೆ ವಾಹನದ ಚಾಲಕರು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಗಿದೆ. 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ಲಘು ಮೋಟಾರು ವಾಹನದ ಡಿಎಲ್ ಇರುವವರು 7,500 ಕೆ.ಜಿ. ಒಳಗಿನ ಒಟ್ಟು ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಪ್ರತ್ಯೇಕ ನಮೂದು ಬೇಕಿಲ್ಲ ಎಂದು ತೀರ್ಪು ಕೊಟ್ಟಿತು. ಸಣ್ಣ ಗೂಡ್ಸ್ ಗಾಡಿಯಲ್ಲಿ ಸಂತೆಗೆ ಸರಕು ಒಯ್ಯುವವರಿಗೆ ಇದು ದೊಡ್ಡ ಆಸರೆ.

ಡಿಎಲ್ ಇಲ್ಲದೆ ಓಡಿಸಿದರೆ 181ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ. ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡ ಹೊಡೆತ ಅಪಘಾತವಾದಾಗ ಬೀಳುತ್ತದೆ. ವಿಮಾ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ವಾಹನದ ಮಾಲೀಕರಿಂದ ವಸೂಲಿ ಮಾಡಲು ನ್ಯಾಯಾಲಯ ಅನುಮತಿ ಕೊಡಬಹುದು. ಒಂದು ಡಿಎಲ್ ಇಲ್ಲದ ತಪ್ಪಿಗೆ ಎರಡೆಕರೆ ಹೊಲ ಮಾರುವ ಪರಿಸ್ಥಿತಿ ಬರಬಾರದು.

ಪೊಲೀಸರು ಕೇಳಿದಾಗ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿನ ಡಿಎಲ್ ತೋರಿಸಿದರೆ ಸಾಕು, 2018ರಿಂದ ನಿಯಮ ಅದನ್ನು ಒಪ್ಪಿದೆ. ಮೊಬೈಲ್‌ನಲ್ಲಿ ತೆಗೆದಿಟ್ಟ ಬರೀ ಫೋಟೊಗೆ ಆ ಮಾನ್ಯತೆ ಇಲ್ಲ.

‘ಆಗಲ್ಲ’ ಎಂದರೆ

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಅದಕ್ಕೆಂದೇ ಕಾನೂನು ನಾಗರಿಕನ ಕೈಗೂ ಬಲ ಕೊಟ್ಟಿದೆ. 17ನೇ ಕಲಂ ಪ್ರಕಾರ ಎಲ್‌ಎಲ್‌ಆರ್, ಡಿಎಲ್ ಅಥವಾ ನವೀಕರಣ ನಿರಾಕರಿಸುವ ಅಧಿಕಾರಿ ಕಾರಣವನ್ನು ಬರೆದು ಆದೇಶ ಕೊಡಬೇಕು. ಆ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನ ‘ಆಗಲ್ಲ’ ಕೇಳಿ ವಾಪಸು ಬರಬೇಡಿ. ‘ಬರೆದು ಕೊಡಿ ಸರ್’ ಎಂದು ವಿನಯದಿಂದಲೇ ಕೇಳಿ.

ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ, 2011ರಡಿ ಅರ್ಜಿಗೆ ಸಂಖ್ಯೆ ಸಿಗುತ್ತದೆ. ನಿಗದಿತ ಅವಧಿ ಮೀರಿ ತಡವಾದರೆ ದಿನಕ್ಕೆ 20 ರೂ.ನಂತೆ 500 ರೂ.ವರೆಗೆ ಪರಿಹಾರ ಕೇಳಬಹುದು. ಅರ್ಜಿ ಎಲ್ಲಿ ನಿಂತಿದೆ ಎಂದು ತಿಳಿಯಲು 10 ರೂ. ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ, 30 ದಿನಗಳಲ್ಲಿ ಉತ್ತರ ಬರಬೇಕು. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಿ. ಅಫಿಡವಿಟ್, ಮೇಲ್ಮನವಿ ಬರೆಯಲು ನೆರವು ಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಯೊಳಗೆ ಆದಾಯ ಇರುವವರು ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100.

ನಮ್ಮ ತಾಲ್ಲೂಕನ್ನು ಯಾವ ಜಿಲ್ಲೆಗೆ ಸೇರಿಸಬೇಕೆಂಬುದನ್ನು ಸರ್ಕಾರ ತೀರ್ಮಾನಿಸುತ್ತದೆ. ನಮ್ಮ ಕಾಗದ ಸರಿಯಿರಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ಈ ಭಾನುವಾರ ಟ್ರಂಕು ತೆರೆಯಿರಿ. ಮನೆಯವರೆಲ್ಲ ಕೂತು ಹೆಸರು, ಹುಟ್ಟಿದ ದಿನ, ವಿಳಾಸ ಹೋಲಿಸಿ, ತಪ್ಪಿದ್ದನ್ನು ತಿದ್ದಿಸಿ. 18 ತುಂಬಿದ ಮಗ, ಮಗಳು ಇಬ್ಬರಿಗೂ ಎಲ್‌ಎಲ್‌ಆರ್ ಅರ್ಜಿ ಹಾಕಿಸಿ. ಅಲ್ಲಿಯವರೆಗೆ ಗಾಡಿಯ ಕೀಲಿ ನಿಮ್ಮ ಬಳಿಯೇ ಇರಲಿ.