ಛೇದದ ಕಡೆಗೂ ಒಂದು ದೃಷ್ಟಿ

ಚಿರಂಜೀವಿ ಮಗುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪತ್ರಿಕೆಯಲ್ಲಿ ನೀನು ಶಿಕ್ಷಣ ವಿಭಾಗವನ್ನು ವಹಿಸಿಕೊಂಡೆಯೆಂದು ತಿಳಿದು ಸಂತೋಷವಾಯಿತು. ನಿನ್ನಂತೆಯೇ ಈ ವೃತ್ತಿಗೆ ಹೊಸದಾಗಿ ಬಂದಿರುವ ಇತರರಿಗೂ ಉಪಯೋಗವಾದೀತೆಂದು ಈ ಕಾಗದವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಉನ್ನತ ಶಿಕ್ಷಣದ ಸುದ್ದಿಯೆಂದರೆ ಈಗ ಬಹುಮಟ್ಟಿಗೆ ಶೇಕಡಾವಾರು ಲೆಕ್ಕದ ಸುದ್ದಿ. ಆ ಲೆಕ್ಕದಲ್ಲಿ ಅಂಶವನ್ನು ಎಲ್ಲರೂ ನೋಡುತ್ತಾರೆ, ಛೇದವನ್ನು ವಿಚಾರಿಸುವವರು ವಿರಳ.

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯು ಪ್ರಕಟಿಸುವ ಒಟ್ಟು ದಾಖಲಾತಿ ಅನುಪಾತವನ್ನೇ ತೆಗೆದುಕೊ. ಉನ್ನತ ಶಿಕ್ಷಣದಲ್ಲಿರುವ ಸಮಸ್ತರನ್ನೂ, ಅವರ ವಯಸ್ಸು ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿದು, ಆ ಸಂಖ್ಯೆಯನ್ನು 18ರಿಂದ 23ರ ವಯೋಮಾನದ ಜನಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದೇ ಆ ಅನುಪಾತ. ವಿದ್ಯಾರ್ಥಿಗಳ ಸಂಖ್ಯೆಯನ್ನು ಸಂಸ್ಥೆಗಳು ಎಣಿಸಿ ಕಳುಹಿಸುತ್ತವೆ. ತರುಣರ ಸಂಖ್ಯೆಯಾದರೋ ಎಣಿಸಿದ್ದಲ್ಲ, ಹಿಂದಿನ ಜನಗಣತಿಯನ್ನು ಆಧರಿಸಿ ಅಂದಾಜು ಮಾಡಿದ್ದು. 2019-20ರ ವರದಿಯು 2001ರ ಜನಗಣತಿಯ ಅಂದಾಜನ್ನು ಅನುಸರಿಸಿ 27.1 ಎಂದಿತು, ಮರುವರ್ಷದ ವರದಿ 2011ರ ಜನಗಣತಿಯ ಅಂದಾಜಿಗೆ ತಿರುಗಿಕೊಂಡು 27.3 ಎಂದಿತು. ಇವೆರಡನ್ನೂ ಪಕ್ಕಪಕ್ಕದಲ್ಲಿ ಮುದ್ರಿಸಿ, ಉನ್ನತ ಶಿಕ್ಷಣವು ನಿಂತ ನೀರಾಗಿದೆಯೆಂದು ತಲೆಬರಹ ಕೊಡುವುದು ಎಷ್ಟು ಸುಲಭ! ಆದರೆ ಹೊಸ ಅಂದಾಜಿನಿಂದ ಭಾಗಿಸಿದಾಗ 2019-20ರ ಅನುಪಾತವೇ 25.6ಕ್ಕೆ ಇಳಿಯುತ್ತದೆ, 0.2 ಎಂದು ಕಂಡಿದ್ದ ಏರಿಕೆ 1.7 ಆಗುತ್ತದೆ. ಕಳೆದುಹೋದ ವರ್ಷದ ಹಾಜರಿ ಪುಸ್ತಕದಿಂದ ಒಂದು ಹೆಸರನ್ನೂ ಹೊಡೆದುಹಾಕದೆ ಅನುಪಾತ ಒಂದೂವರೆಯಷ್ಟು ಕುಸಿಯಿತಲ್ಲ, ಈ ಚಮತ್ಕಾರವೆಲ್ಲ ಛೇದದ್ದೇ.

ರಾಜ್ಯ ರಾಜ್ಯಗಳನ್ನು ತೂಗಿ ನೋಡುವಾಗಲೂ ಇದೇ ಎಚ್ಚರವಿರಲಿ. 2021-22ರಲ್ಲಿ ದೇಶದ ಅನುಪಾತ 28.4 ಇದ್ದಾಗ ಚಂಡೀಗಢದ್ದು 64.8. ಅಲ್ಲಿಯ ತರುಣರು ಮಾತ್ರ ಅಷ್ಟು ವಿದ್ಯಾಪ್ರಿಯರೆಂದು ಇದರ ಅರ್ಥವಲ್ಲ; ಪಂಜಾಬು ಹರಿಯಾಣಗಳಿಂದ ಬಂದು ಓದುವವರು ಅಂಶದಲ್ಲಿ ಸೇರುತ್ತಾರೆ, ಅವರ ಊರಿನ ಜನಸಂಖ್ಯೆ ಛೇದಕ್ಕೆ ಬರುವುದಿಲ್ಲ. ಬೆಂಗಳೂರು, ಮಣಿಪಾಲಗಳಿಗೆ ಕೇರಳದಿಂದಲೂ ಈಶಾನ್ಯದಿಂದಲೂ ಬರುವ ಮಕ್ಕಳಿಂದ ನಮ್ಮ ರಾಜ್ಯದ ಅಂಕಿಗೂ ಅಷ್ಟಿಷ್ಟು ಮೆರುಗು ಬಂದಿರುವುದುಂಟು. ಕರ್ನಾಟಕವನ್ನು ಹೊಗಳುವ ಮುನ್ನ ಇದನ್ನೊಂದು ಮಾತಿನಲ್ಲಾದರೂ ಹೇಳತಕ್ಕದ್ದು.

ಇನ್ನು ಪ್ಲೇಸ್‌ಮೆಂಟ್ ಎಂಬ ವಾರ್ಷಿಕ ಉತ್ಸವ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ತಲಾ 4 ಲಕ್ಷದ, ಒಬ್ಬನಿಗೆ 40 ಲಕ್ಷದ ಸಂಬಳ ದೊರೆಯಿತೆಂದು ಭಾವಿಸು: ಸರಾಸರಿ 7.6 ಲಕ್ಷವಾಗುತ್ತದೆ, ಅಷ್ಟು ಸಂಬಳ ಪಡೆದವನು ಆ ಹತ್ತರಲ್ಲಿ ಒಬ್ಬನೂ ಇಲ್ಲ! ಮಧ್ಯಾಂಕವಾದರೆ 4 ಲಕ್ಷವೆಂದು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ‘ಶೇಕಡಾ 95 ಮಂದಿಗೆ ಉದ್ಯೋಗ’ ಎಂಬಲ್ಲಿಯೂ, ಆ ನೂರು ಮಂದಿ ತೇರ್ಗಡೆಯಾದವರೆಲ್ಲರೋ, ಪ್ಲೇಸ್‌ಮೆಂಟ್‌ಗೆ ಹೆಸರು ನೋಂದಾಯಿಸಿದವರು ಮಾತ್ರವೋ, ಕೇಳದೆ ಬರೆಯಬೇಡ. ಬಾಕಿ ಇರುವ ವಿಷಯಗಳ ದೆಸೆಯಿಂದ ನೋಂದಣಿಗೇ ಅರ್ಹರಾಗದವರು ಛೇದದಿಂದ ಸದ್ದಿಲ್ಲದೆ ಜಾರಿಹೋಗಿರುತ್ತಾರೆ.

ಪರಿಶೀಲಿಸುವ ದಾರಿ ಇಲ್ಲದಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಕಾಲೇಜುಗಳು ಸಲ್ಲಿಸುವ ತಖ್ತೆಯಲ್ಲಿ ಸೇರಿದವರೆಷ್ಟು, ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರೆಷ್ಟು, ಉದ್ಯೋಗ ಪಡೆದವರೆಷ್ಟು, ಸಂಬಳದ ಮಧ್ಯಾಂಕವೆಷ್ಟು ಎಂಬುದೆಲ್ಲವೂ ಇರುತ್ತದೆ. ಅದು ಗುಟ್ಟಿನ ಕಾಗದವೂ ಅಲ್ಲ. ಮುಂದಿನ ಸಲ ಯಾವುದಾದರೂ ಕಾಲೇಜಿನ ಪತ್ರಿಕಾಗೋಷ್ಠಿಗೆ ಹೊರಡುವಾಗ ಆ ತಖ್ತೆಯನ್ನು ಮುದ್ರಿಸಿ ಚೀಲದಲ್ಲಿಟ್ಟುಕೊಂಡು ಹೋಗು. ಅವರು ಹಂಚುವ ಕರಪತ್ರದ ಅಂಕಿ ಅದಕ್ಕೆ ಹೊಂದದಿದ್ದರೆ, ಉಪಾಹಾರಕ್ಕೆ ಏಳುವ ಮೊದಲೇ ಕೇಳಿಬಿಡು.

ಇತಿ,
ನಿನ್ನ ದೊಡ್ಡಪ್ಪ